ಎಸಿಗೆ ಹೊಯ್ದ ಶೇಂಗಾ ಎಣ್ಣೆ

ನಮ್ಮ ಕಾರಿನ ಬಾಗಿಲು ತೆಗೆದರೆ ಇವತ್ತಿಗೂ ಕಮಟು ವಾಸನೆ ಮೂಗಿಗೆ ಬಡಿಯುತ್ತದೆ. ಹಬ್ಬದಲ್ಲಿ ವಡೆ ಕರಿದ ಬಾಣಲೆಯನ್ನು ಮುಚ್ಚದೆ ಮರೆತು, ಎಷ್ಟೋ ದಿನದ ಮೇಲೆ ಕೈಗೆತ್ತಿಕೊಂಡರೆ ಬರುತ್ತದಲ್ಲ, ಅದೇ ವಾಸನೆ. ಕರ್ಪೂರ ಇಟ್ಟು ನೋಡಿದೆ. ನಿಂಬೆಹಣ್ಣನ್ನು ಹೋಳು ಮಾಡಿ ಸೀಟಿನ ಕೆಳಗೆ ಇಟ್ಟು ನೋಡಿದೆ. ಅಂಗಡಿಯವನು ಕೊಟ್ಟ ಮಲ್ಲಿಗೆ ಸೆಂಟಿನ ಡಬ್ಬಿಯನ್ನು ಕನ್ನಡಿಗೆ ತೂಗುಹಾಕಿಯೂ ನೋಡಿದೆ. ಕಮಟಿನ ಜೊತೆ ಮಲ್ಲಿಗೆಯೂ ಸೇರಿಕೊಂಡು ವಾಸನೆ ಇನ್ನಷ್ಟು ಕೆಟ್ಟಿತೇ ಹೊರತು ಬೇರೇನೂ ಆಗಲಿಲ್ಲ. ಈಗ ಕಾರು ಹತ್ತುವಾಗ ಸೆರಗನ್ನು ಮೂಗಿಗೆ ಒತ್ತಿಕೊಂಡೇ ಹತ್ತುತ್ತೇನೆ. ನನ್ನ ಗಂಡ ಮಾತ್ರ ಸ್ಟೇರಿಂಗ್ ಹಿಡಿದು ಕೂತು, "ಎಲ್ಲೈತೆ ವಾಸ್ನೆ? ನಂಗೇನೂ ಬರಲ್ಲಪ್ಪ" ಎನ್ನುತ್ತಾರೆ. ಎಲ್ಲಿಂದ ಬರಬೇಕು? ಚಳ್ಳಕೆರೆಯ ಎಣ್ಣೆಮಿಲ್ಲಿನಲ್ಲಿ ಸೂಪರ್‌ವೈಸರ್ ಆಗಿ ತಲೆಗೂದಲು ಬೆಳ್ಳಗೆ ಮಾಡಿಕೊಂಡ ಮನುಷ್ಯನ ಮೂಗು ಅದು.

ನನ್ನ ಗಂಡನಿಗೆ ದೇವರಲ್ಲಿ ಎಷ್ಟು ನಂಬಿಕೆ ಇದೆಯೋ ನನಗೆ ಗೊತ್ತಿಲ್ಲ, ಶೇಂಗಾ ಎಣ್ಣೆಯಲ್ಲಿ ಮಾತ್ರ ಪೂರ್ತಿ ನಂಬಿಕೆ. ಗೇಟು ಕಿರುಗುಟ್ಟಿದರೆ ಶೇಂಗಾ ಎಣ್ಣೆ. ಮಂಡಿ ನೋವಿಗೆ ಶೇಂಗಾ ಎಣ್ಣೆ. ಕೂಲರಿನ ಫ್ಯಾನು ಸದ್ದು ಮಾಡಿದರೂ ಅದೇ, ಸೈಕಲ್ ಚೈನಿಗೂ ಅದೇ. ನನ್ನ ಹೊಲಿಗೆ ಯಂತ್ರಕ್ಕೆ ಒಮ್ಮೆ ಹೊಯ್ದು, ಒಳಗೆಲ್ಲ ಅಂಟು ಕಟ್ಟಿ, ಚಕ್ರ ತಿರುಗದೆ ಅದು ಮೂಲೆ ಸೇರಿತು. ಹೊಲಿಗೆ ಯಂತ್ರದ ಎಣ್ಣೆ ಬೇರೆ ಬರುತ್ತದೆ ಎಂದು ಹೇಳಿದರೆ, "ಅದು ಕಂಪ್ನಿಯೋರು ದುಡ್ಡು ಮಾಡಾಕೆ ಹೇಳೋದು" ಎಂದರು. ಮಿಲ್ಲಿನಿಂದ ತಂದ ಎಣ್ಣೆಯ ಕ್ಯಾನು ನಮ್ಮ ಅಡುಗೆಮನೆಯಲ್ಲಿ ಒಂದು ಕಡೆ, ಕಾರು ನಿಲ್ಲಿಸುವ ಜಾಗದಲ್ಲಿ ಒಂದು ಕಡೆ ಸದಾ ಇರುತ್ತದೆ. ಎರಡಕ್ಕೂ ಒಂದೇ ಲೋಟ. ಆ ಲೋಟವನ್ನು ನಾನು ಎಷ್ಟು ಸಲ ಬಿಸಾಡಿದ್ದೇನೋ, ಅವರು ಅಷ್ಟೇ ಸಲ ಆರಿಸಿ ತಂದಿದ್ದಾರೆ.

ಎಸಿ ಕೆಟ್ಟಾಗ ಮೆಕ್ಯಾನಿಕ್ ಹತ್ತಿರ ಹೋಗದೆ ಇದ್ದದ್ದಕ್ಕೆ ಅವರೊಬ್ಬರನ್ನೇ ಬೈದರೆ ಅನ್ಯಾಯವಾದೀತು. ಆ ಮೆಕ್ಯಾನಿಕ್‌ನನ್ನು ನೆನೆದರೂ ನನಗೆ ಅಸಹ್ಯ. ಬಳ್ಳಾರಿ ರಸ್ತೆಯಲ್ಲಿ ಅವನ ಶೆಡ್ಡು. ಶೆಡ್ಡಿನ ಗೋಡೆ ಅರ್ಧ ಗೋಡೆ, ಅರ್ಧ ಗುಟ್ಕಾದ ಉಗುಳು. ಪ್ರತಿ ಬೇಸಿಗೆ ಕಾರು ಒಯ್ದರೆ, ಬಾನೆಟ್ಟು ಕೂಡ ಎತ್ತದೆ, ಗಾಳಿ ಬರುವ ಜಾಲರಿಗೆ ಗ್ರೀಸು ಮೆತ್ತಿದ ಬೆರಳು ಇಟ್ಟು, "ಗ್ಯಾಸ್ ಖಾಲಿ" ಎನ್ನುತ್ತಿದ್ದ. ತುಂಬುತ್ತಿದ್ದ. ಮುಂದಿನ ಬೇಸಿಗೆಗೆ ಮತ್ತೆ ಗ್ಯಾಸ್ ಖಾಲಿ. ತುಂಬಿದ್ದು ಎಲ್ಲಿಗೆ ಹೋಗುತ್ತದೆ, ಸೋರುತ್ತಿದ್ದರೆ ಎಲ್ಲಿ ಸೋರುತ್ತಿದೆ ಎಂದು ಕೇಳಿದರೆ, ಬಾಯಲ್ಲಿ ಇದ್ದದ್ದನ್ನು ಪಕ್ಕಕ್ಕೆ ತಿರುಗಿ ಉಗುಳಿ, "ಗ್ಯಾಸ್ ಅಂದ್ಮೇಲೆ ಹೋಗ್ತೈತೆ ಮೇಡಂ" ಎಂದು ನಗುತ್ತಿದ್ದ. ಅವನ ಬೆರಳಿನ ಕಪ್ಪು ಗುರುತು ಜಾಲರಿಯ ಮೇಲೆ ಮಳೆಗಾಲದವರೆಗೂ ಇರುತ್ತಿತ್ತು. ಹೋದ ವರ್ಷ ನನ್ನ ಗಂಡ ಅವನ ಶೆಡ್ಡಿನ ಮುಂದೆಯೇ, ಇನ್ನು ಈ ಕಡೆ ತಲೆ ಹಾಕಿ ಮಲಗಲ್ಲ ಎಂದು ಕೂಗಾಡಿ ಬಂದರು. ಅವತ್ತು ನನಗೂ ಸರಿ ಅನ್ನಿಸಿತ್ತು.

ನಿಜ ಹೇಳಬೇಕೆಂದರೆ ನನಗೆ ಎಸಿ ಬೇಕೇಬೇಕು ಎಂದೇನೂ ಇರಲಿಲ್ಲ. ನಾನು ಹೈಸ್ಕೂಲು ಟೀಚರು. ತಗಡಿನ ಮಾಡಿನ ಕೋಣೆಯಲ್ಲಿ ಏಪ್ರಿಲ್ ತಿಂಗಳಲ್ಲಿ ಪಾಠ ಮಾಡುವವಳಿಗೆ ಕಾರಿನಲ್ಲಿ ಬೆವರಿದರೆ ಏನಾಗುತ್ತದೆ? ಆದರೆ ಈ ಬೇಸಿಗೆಯಲ್ಲಿ ಎಸಿ ಬೇಕಾಯಿತು. ನನಗಲ್ಲ, ಒಂದು ಸೀರೆಗೆ.

ನನ್ನ ತವರು ಮೊಳಕಾಲ್ಮೂರು. ತಂಗಿಯನ್ನು ಅದೇ ಊರಿನಲ್ಲಿ, ಮಗ್ಗದ ಮನೆಗೇ ಕೊಟ್ಟದ್ದು. ನಾನು ನಾಲ್ಕಕ್ಷರ ಓದಿ ಮಗ್ಗದಿಂದ ಎದ್ದು ಬಂದೆ, ಅವಳು ಕೂತಳು. ಅವಳು ನೇಯುವುದೆಲ್ಲ ಸಾಹುಕಾರರ ಸೀರೆ. ರೇಷ್ಮೆ ಅವರದು, ಜರಿ ಅವರದು, ಯಾವ ಬಣ್ಣ, ಯಾವ ಅಂಚು ಎಂದು ಹೇಳುವವರೂ ಅವರೇ. ಮಗ್ಗದಿಂದ ಸೀರೆ ಇಳಿದ ದಿನವೇ ಬಂದು ಮಡಚಿಕೊಂಡು ಹೋಗುತ್ತಾರೆ. ಅದು ಯಾವ ಅಂಗಡಿಗೆ ಹೋಯಿತು, ಯಾರು ಉಟ್ಟರು, ಯಾವ ಮದುವೆಗೆ ಉಟ್ಟರು ಎನ್ನುವುದು ನೇಯ್ದವಳಿಗೆ ಗೊತ್ತಾಗುವುದಿಲ್ಲ. ಅವಳು ಮನೆಯಲ್ಲಿ ಉಡುವುದು ಸಂತೆಯ ಪಾಲಿಸ್ಟರ್ ಸೀರೆ. ಅವಳಿಗಿದ್ದ ಒಂದೇ ರೇಷ್ಮೆ ಮದುವೆಯದು, ಅದು ನಮ್ಮ ನಾಯ್ನ ನೇಯ್ದದ್ದು. ನಮ್ಮ ಮನೆಮಾತು ತೆಲುಗು, ಅಪ್ಪನನ್ನು ನಾವು ಹಾಗೇ ಕರೆಯುತ್ತಿದ್ದದ್ದು. ಒಂದು ಸಲ ತಂಗಿ ಲಾಳಿಯನ್ನು ಕೈಯಲ್ಲಿ ಹಿಡಿದುಕೊಂಡೇ ನನಗೆ ಹೇಳಿದಳು: "ಅಕ್ಕಾ, ನಾನು ನೇಯ್ದಿದ್ದನ್ನ ಉಟ್ಕಂಡೋರನ್ನ ಒಂದು ಸಲನಾದ್ರೂ ಕಣ್ಣಾರೆ ನೋಡ್ಬೇಕು." ಅವಳು ಯಾವತ್ತೂ ಏನನ್ನೂ ಕೇಳಿದವಳಲ್ಲ. ಅದಕ್ಕೇ ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು.

ನಮ್ಮ ಶಾಲೆಯ ಇನ್ನೊಬ್ಬ ಟೀಚರು ಮಗಳ ಮದುವೆ ಗೊತ್ತಾದಾಗ ಸ್ಟಾಫ್ ರೂಮಿನಲ್ಲಿ ಧಾರೆ ಸೀರೆಯ ಮಾತು ತೆಗೆದರು. ನಾನು ಬಾಯಿಬಿಟ್ಟು ಹೇಳಿಯೇಬಿಟ್ಟೆ: ಅಂಗಡಿಗೆ ಯಾಕೆ ಹೋಗುತ್ತೀರಿ, ನನ್ನ ತಂಗಿ ನೇಯ್ದು ಕೊಡುತ್ತಾಳೆ. ಅವರು ಒಪ್ಪಿದರು. ಸೀರೆ ಮನಸ್ಸಿಗೆ ಬಂದರೆ ಬೀಗರಿಗೆ ಕೊಡುವ ಸೀರೆಗಳನ್ನೂ ಅವಳಿಗೇ ಹೇಳುತ್ತೇನೆ ಎಂದರು. "ನೇಯ್ದವರನ್ನೂ ಕರ್ಕೊಂಡ್ ಬನ್ನಿ ಮೇಡಂ, ಮದುವೆಗೂ ಬರಲಿ, ಹುಡುಗಿ ಉಟ್ಟಿದ್ದನ್ನ ನೋಡಲಿ" ಎಂದೂ ಸೇರಿಸಿದರು. ಅದನ್ನು ಫೋನಿನಲ್ಲಿ ಹೇಳಿದಾಗ ತಂಗಿ "ಇನ್ನೊಂದು ಸಲ ಹೇಳಕ್ಕಾ" ಎಂದಳು. ಹಿಂದೆ ಮಗ್ಗದ ಸದ್ದು ಕೇಳಿಸುತ್ತಿತ್ತು, ಪಕ್ಕದ ಮಗ್ಗದಲ್ಲಿ ಅವಳ ಗಂಡ ನೇಯುತ್ತಿದ್ದ.

ಹೀಗೆ ಅವಳು ಮೊದಲ ಸಲ ತನ್ನದೇ ರೇಷ್ಮೆ, ತನ್ನದೇ ಜರಿ ತಂದು ಮಗ್ಗಕ್ಕೆ ಹಾಸು, ಅಂದರೆ ಉದ್ದದ ಎಳೆ, ಹೂಡಿದಳು. ಸಾಹುಕಾರರು ಬೇಡ ಅನ್ನಲಿಲ್ಲ. "ಮಾಡ್ಕೋ ಹೋಗಮ್ಮ, ನೋಡಾನಂತೆ" ಎಂದರಂತೆ. ಆ 'ನೋಡಾನಂತೆ' ಎಂಥದ್ದು ಎಂದು ನಮಗೆ ಇಬ್ಬರಿಗೂ ಗೊತ್ತಿತ್ತು: ಕೈ ಸುಟ್ಟುಕೊಂಡು ಮತ್ತೆ ನಮ್ಮ ಬಾಗಿಲಿಗೇ ಬರುತ್ತೀಯ ಎಂದು. ಹಾಲಿನ ಕೆನೆಯ ಬಣ್ಣದ ಒಡಲು, ಕುಂಕುಮದ ಬಣ್ಣದ ಅಂಚು, ಸೆರಗಿನಲ್ಲಿ ನವಿಲು. ಇಂಥ ತಿಳಿ ಬಣ್ಣವನ್ನು ಬೇಸಿಗೆಯಲ್ಲಿ ನೇಯುವುದೆಂದರೆ ಬೆವರಿನ ಜೊತೆ ಕಾದಾಟ. ರೇಷ್ಮೆಯ ಮೇಲೆ ಹನಿ ಬಿದ್ದರೆ ಕಲೆ, ಜರಿಗೆ ತಾಗಿದರೆ ಕಪ್ಪು. ಅವಳು ತಲೆಗೆ ಬಟ್ಟೆ ಬಿಗಿದು, ತೊಡೆಯ ಮೇಲೆ ಟವೆಲ್ ಹಾಸಿಕೊಂಡು, ಬೆಳಿಗ್ಗೆಯ ತಂಪಿನಲ್ಲಿ ಮಾತ್ರ ಮಗ್ಗಕ್ಕೆ ಇಳಿಯುತ್ತಿದ್ದಳು. ಮಧ್ಯಾಹ್ನ ಬೆಟ್ಟದ ಬಂಡೆಗಳು ಕಾದು ಕೇರಿಯೆಲ್ಲ ಧಗಧಗ ಎನ್ನುವಾಗ ಸೀರೆಯ ಮೇಲೆ ಬಟ್ಟೆ ಹೊದಿಸಿ ಎದ್ದುಬಿಡುತ್ತಿದ್ದಳು. ಕೊನೆಗೆ ಸೀರೆ ಮಗ್ಗದಿಂದ ಇಳಿದಾಗ ಫೋನು ಮಾಡಿದಳು. "ಬಸ್ಸಲ್ಲಿ ತರಾಕಾಗಲ್ಲಕ್ಕಾ. ಆ ಧೂಳು, ಆ ಬೆವರು. ಬಾವನ ಕಾರಲ್ಲಿ ಎಸಿ ಐತಲ್ಲ?"

ಐತೆ ಎಂದೆ. ಎಸಿ ಹಾಕಿದರೆ ಒಲೆಯ ಮುಂದೆ ಕೂತಂತೆ ಬಿಸಿಗಾಳಿ ಬರುತ್ತಿತ್ತು, ಆದರೂ ಐತೆ ಎಂದೆ. ಸರಿಮಾಡಿಸಲು ದಿನ ಇತ್ತಲ್ಲ.

ಗಂಡನಿಗೆ ಹೇಳಿದೆ: ಆ ಗುಟ್ಕಾದವನ ಹತ್ತಿರ ಬೇಡ, ಚಿತ್ರದುರ್ಗಕ್ಕೆ ಒಯ್ಯಿರಿ, ಕಂಪನಿಯ ಗ್ಯಾರೇಜಿನಲ್ಲಿ ತೋರಿಸಿ. ಅವರು ಮೊಬೈಲಿನಿಂದ ತಲೆ ಎತ್ತಲಿಲ್ಲ. ಯಾವನೋ ಒಬ್ಬ ಕಾರಿನ ಎಸಿಗೆ ತಾನೇ ಗ್ಯಾಸು ತುಂಬಿಕೊಳ್ಳುವ ವಿಡಿಯೋ ನೋಡುತ್ತಿದ್ದರು. "ಇಷ್ಟೇಯ. ಡಬ್ಬಿ ತರಿಸಿ, ಪೈಪು ಸಿಗಿಸಿ, ತಿರುವೋದು. ಇದಕ್ಕೆ ಅವ್ನ್ಯಾಕೆ, ಇವ್ನ್ಯಾಕೆ?" ಡಬ್ಬಿಗಳು ಕೊರಿಯರಿನಲ್ಲಿ ಬಂದವು, ಜೊತೆಗೊಂದು ಪೈಪು, ಪೈಪಿನ ಮೇಲೆ ಗಡಿಯಾರದಂಥ ಮೀಟರು. ಭಾನುವಾರ ಲುಂಗಿ ಎತ್ತಿಕಟ್ಟಿ, ಬಾನೆಟ್ಟು ತೆರೆದು, ಓಣಿಗೆಲ್ಲ ಕಾಣುವ ಹಾಗೆ ಕೆಲಸಕ್ಕೆ ನಿಂತರು.

ಅಷ್ಟಕ್ಕೇ ನಿಲ್ಲಿಸಿದ್ದರೂ ಏನೋ ಒಂದು ಆಗುತ್ತಿತ್ತು. ಆದರೆ ಅವರ ಕಣ್ಣಿಗೆ ಪೈಪಿನ ಸಂದಿಯಲ್ಲಿ ಎಣ್ಣೆಯ ಪಸೆ ಕಂಡಿತು. ಎಣ್ಣೆ ಕಂಡ ಮೇಲೆ ನನ್ನ ಗಂಡನನ್ನು ಹಿಡಿಯುವವರು ಯಾರು? "ಗ್ಯಾಸ್ ಜೊತೆ ಎಣ್ಣೇನೂ ಹೋಗೈತೆ. ಬರೀ ಗ್ಯಾಸ್ ಹಾಕಿದ್ರೆ ಒಳಗಿನ ಮಿಷನ್ನು ಒಣಗಿ ಸಾಯ್ತೈತೆ" ಎಂದರು. ಇದು ನಿಜವೇ ಅಂತೆ, ಎಸಿಯ ಕಂಪ್ರೆಸರಿಗೆ ಎಣ್ಣೆ ಬೇಕಂತೆ. ಆದರೆ ಅದಕ್ಕೆ ಬೇರೆ ಜಾತಿಯ ಎಣ್ಣೆ ಇರುತ್ತದೆ, ಡಬ್ಬಿಯ ಮೇಲೂ ಹಾಗೇ ಬರೆದಿತ್ತು. ಊರಿನ ಅಂಗಡಿಗಳಲ್ಲಿ ಕೇಳಿದರೆ ಯಾರ ಬಳಿಯೂ ಇಲ್ಲ, ದಾವಣಗೆರೆಯಿಂದ ತರಿಸಬೇಕು ಎಂದರು. ನನ್ನ ಗಂಡನಿಗೆ ಅವಮಾನವಾಯಿತು. ಬೀದಿಗೊಂದು ಎಣ್ಣೆಮಿಲ್ಲಿರುವ ಊರಿನವರಿಗೆ ನಿಜಕ್ಕೂ ಅವಮಾನವೇ. ಮುಖ ಕೆಂಪಗೆ ಮಾಡಿಕೊಂಡು ಬಂದರು.

"ಎಣ್ಣೆ ತರಾಕೆ ಚಳ್ಳಕೆರೆಯೋರು ದಾವಣಗೆರೆಗೆ ಹೋಗ್ಬೇಕಾ? ಕೇಳಿದೋರು ನಗಲ್ವಾ?"

ಕಾರಿನ ಪಕ್ಕದಲ್ಲಿದ್ದ ಕ್ಯಾನಿನ ಮುಚ್ಚಳ ತೆಗೆದರು. ನಾನು ಹೊಸಿಲಿನಿಂದಲೇ ಕೂಗಿದೆ, "ರೀ, ಅದು ಅಡುಗೆ ಎಣ್ಣೆ!" "ಡಬಲ್ ಫಿಲ್ಟರ್ ಮಾಡಿದ್ದು. ನೋಡು, ಗಂಗಾಜಲ ಇದ್ದಂಗೈತೆ" ಎಂದು ಆ ಹಾಳು ಲೋಟವನ್ನು ಬಿಸಿಲಿಗೆ ಹಿಡಿದು ತೋರಿಸಿದರು. ಆಮೇಲೆ ದನಕ್ಕೆ ಔಷಧಿ ಹಾಕುವ ದಪ್ಪ ಸಿರಿಂಜಿನಲ್ಲಿ ಎಣ್ಣೆ ಎಳೆದು ಪೈಪಿಗೆ ಬಿಟ್ಟು, ಹಿಂದಿನಿಂದ ಗ್ಯಾಸು ಬಿಟ್ಟು, ಒಳಗೆ ನೂಕಿದರು. ಮೊಣಕೈವರೆಗೂ ಎಣ್ಣೆ ಸುರಿಯುತ್ತಿತ್ತು. ಅದೇ ಕೈಯಲ್ಲಿ ಹಣೆ ಒರೆಸಿಕೊಂಡರು. ಅದೇ ಕೈಯಲ್ಲಿ ನಾನು ತಂದಿಟ್ಟ ತಿಂಡಿಯ ತಟ್ಟೆಯಿಂದ ಮಂಡಕ್ಕಿ ಬಾಚಿ ಬಾಯಿಗೆ ಹಾಕಿಕೊಂಡರು. ನಾನು ಒಳಗೆ ಹೋಗಿಬಿಟ್ಟೆ.

ತಣ್ಣಗಾಯಿತು. ಅದೇ ನೋಡಿ ಗ್ರಹಚಾರ. ಬಿಸಿಗಾಳಿ ಬರುತ್ತಿದ್ದ ಜಾಲರಿಯಲ್ಲಿ ಐಸ್‌ಕ್ಯಾಂಡಿ ಅಂಗಡಿಯ ಹಾಗೆ ತಂಪು ಬಂತು. ಪಕ್ಕದ ಮನೆಯವರನ್ನು ಕರೆದು ಒಳಗೆ ಕೂರಿಸಿದರು, ಎದುರು ಮನೆಯವರನ್ನು ಕೂರಿಸಿದರು, ಹಾಲಿನವನನ್ನೂ ಕೂರಿಸಿದರು. ಎಲ್ಲರೂ ಆಹಾ ಎಂದರು. ನನಗೆ ಆಗಲೇ ಸಣ್ಣಗೆ ಒಂದು ವಾಸನೆ ಬಡಿಯುತ್ತಿತ್ತು. ಹೇಳಿದ್ದಕ್ಕೆ, "ನಿಂಗೆ ಎಲ್ಲದ್ರಲ್ಲೂ ಕೊಂಕು" ಎಂದರು.

ಸೀರೆ ತರಲು ಹೊರಟ ದಿನ, ದಾರಿಯಲ್ಲಿ ಸಿಗುವ ಊರು ಬಿ.ಜಿ. ಕೆರೆಯವರೆಗೂ ತಂಪು ಚೆನ್ನಾಗಿಯೇ ಇತ್ತು. ಆಮೇಲೆ ಇಳಿಯುತ್ತಾ ಬಂತು. ಮೊಳಕಾಲ್ಮೂರು ಮುಟ್ಟುವ ಹೊತ್ತಿಗೆ ಬರೀ ಗಾಳಿ. ಗ್ಯಾಸು ಎಲ್ಲೋ ಸೋರುತ್ತಿದೆ ಎಂದು ಶಾಲೆಯ ಮಕ್ಕಳಿಗೂ ಗೊತ್ತಾಗುತ್ತಿತ್ತು. ಆದರೆ ಅವರು ತಂಗಿಯ ಮನೆಯ ಮುಂದೆ, ನಡು ಬಿಸಿಲಿನಲ್ಲಿ, ಡಿಕ್ಕಿಯಿಂದ ಇನ್ನೊಂದು ಡಬ್ಬಿ ತೆಗೆದರು. ಮಗ್ಗಗಳೆಲ್ಲ ನಿಂತು ಕೇರಿಯ ಗಂಡಸರು ಸುತ್ತ ನೆರೆದರು. ಜನ ಸೇರಿದರೆ ನನ್ನ ಗಂಡನಿಗೆ ಬೇರೆ ಹುರುಪೇ ಬರುತ್ತದೆ. ಮೀಟರಿನ ಮುಳ್ಳು ಹಸಿರು ದಾಟಿ ಕೆಂಪಿಗೆ ಹೋದದ್ದನ್ನು ನಾನೇ ನೋಡಿದೆ. "ರೀ, ಕೆಂಪಿಗೆ ಬಂತು." "ಈ ಮುಳ್ಳು ನಂಬಾಕಾಗಲ್ಲ, ಎಲ್ಲಿ ಮಾಡಿದ್ದೋ ಏನೋ" ಎಂದು ಡಬ್ಬಿಯನ್ನು ತಲೆಕೆಳಗು ಮಾಡಿ, ಕುಲುಕಿ ಕುಲುಕಿ, ಪೂರ್ತಿ ಒಳಗೆ ಬಿಟ್ಟರು. ಉಳಿಸಿದರೆ ವೇಸ್ಟ್ ಆಗುತ್ತದಂತೆ.

ಒಳಗೆ ತಂಗಿ ಸೀರೆಯನ್ನು ಚಾಪೆಯ ಮೇಲೆ ಬಿಡಿಸಿ ತೋರಿಸಿದಳು. "ಅಕ್ಕಾ, ಚೂಡು" ಎಂದಷ್ಟೇ ಅಂದಳು. ನಾನು ನೋಡಿದೆ. ಮಗ್ಗದ ಮನೆಯಲ್ಲಿ ಹುಟ್ಟಿದವಳಾದ್ದರಿಂದ ಮೊದಲು ತಪ್ಪು ಹುಡುಕಿದೆ. ಒಂದು ಎಳೆ ಹೆಚ್ಚುಕಡಿಮೆ ಇರಲಿಲ್ಲ. ನವಿಲಿನ ಕಣ್ಣಿಗೆ ಅವಳು ತಾನಾಗೇ ಒಂದು ಹಸಿರು ಎಳೆ ಸೇರಿಸಿದ್ದಳು, ಸಾಹುಕಾರರ ಸೀರೆಯಲ್ಲಿ ಅಂಥ ಸ್ವಾತಂತ್ರ್ಯ ಎಲ್ಲಿರುತ್ತದೆ? ಅವಳು ಕೈ ತೊಳೆದು, ಒರೆಸಿಕೊಂಡು, ಸೀರೆ ಮಡಚಿ, ಬಿಳಿ ಹತ್ತಿಬಟ್ಟೆಯಲ್ಲಿ ಗಂಟು ಕಟ್ಟಿದಳು. ಪ್ಲಾಸ್ಟಿಕ್ಕಿನಲ್ಲಿ ಇಟ್ಟರೆ ಜರಿ ಕಪ್ಪಾಗುತ್ತದೆ, ಅದಕ್ಕೆ ಹತ್ತಿಬಟ್ಟೆಯೇ ಆಗಬೇಕು.

ಹಿಂದಿನ ಸೀಟಿನಲ್ಲಿ ಕೂತರೆ ಅವಳಿಗೆ ವಾಂತಿ ಬರುತ್ತದೆ. ಆದ್ದರಿಂದ ಅವಳು ಮುಂದೆ ಕೂತಳು, ನಾನು ಹಿಂದೆ. ತೊಡೆಯ ಮೇಲೆ ಟವೆಲ್, ಅದರ ಮೇಲೆ ಸೀರೆಯ ಗಂಟು. ಎಸಿ ಭರ್ಜರಿಯಾಗಿ ಬರುತ್ತಿತ್ತು. "ಹೆಂಗೈತೆ?" ಎಂದು ನನ್ನ ಗಂಡ ಕೇಳಿದರು. "ಚಳಿ ಆಗ್ತೈತೆ ಬಾವಾ" ಎಂದು ಅವಳು ನಕ್ಕಳು. ಆದರೂ ಅವಳ ಅಂಗೈ ಬೆವರುತ್ತಿತ್ತು. ಮೊದಲ ಸಲ ಒಬ್ಬರ ಮುಂದೆ ಕೂತು, ಇದು ನಾನು ನೇಯ್ದದ್ದು ಎಂದು ಹೇಳಲು ಹೊರಟಿದ್ದಳಲ್ಲ. ಮತ್ತೆ ಮತ್ತೆ ಕೈಯನ್ನು ಟವೆಲ್ಲಿಗೆ ಒರೆಸಿಕೊಳ್ಳುವುದನ್ನು ನನ್ನ ಗಂಡ ನೋಡಿದರು.

"ನಿನ್ ಕೈ ಬೆವರು ಗಂಟಿಗೆ ಇಳೀತೈತೆ ನೋಡಮ್ಮ. ಆ ಬಟ್ಟೆ ಬಿಚ್ಚು. ಸೀರೆನ ಗಾಳಿಗೆ ಹಿಡಿ, ಎಸಿ ಇರೋದ್ಯಾಕೆ ಮತ್ತೆ?"

ಅವಳು ಹಿಂದಕ್ಕೆ ತಿರುಗಿ ನನ್ನ ಮುಖ ನೋಡಿದಳು. "ಬೇಡ, ಹಂಗೇ ಇರ್ಲಿ" ಎಂದೆ. "ನಿಂಗೇನು ಗೊತ್ತು, ಸುಮ್ಕಿರು" ಎಂದರು. ಬಾವನ ಮಾತು. ಅವರದೇ ಕಾರು, ಅವರೇ ಇಷ್ಟು ದೂರ ಬಂದು ಕರೆದೊಯ್ಯುತ್ತಿರುವುದು. ನಮ್ಮ ಮನೆಗಳಲ್ಲಿ ನಾದಿನಿ ಬಾವನಿಗೆ ಇಲ್ಲ ಅನ್ನುವುದಿಲ್ಲ. ಅವಳು ಗಂಟು ಬಿಚ್ಚಿ, ಸೀರೆಯ ಮಡಿಕೆಯನ್ನು ಎರಡು ಕೈಯಲ್ಲಿ ಎತ್ತಿ ಜಾಲರಿಯ ಮುಂದೆ ಹಿಡಿದಳು, ಮಗುವನ್ನು ಡಾಕ್ಟರಿಗೆ ತೋರಿಸುವ ಹಾಗೆ.

ಬಿ.ಜಿ. ಕೆರೆ ಇನ್ನೇನು ಕಾಣಬೇಕು, ಡ್ಯಾಶ್‌ಬೋರ್ಡಿನ ಒಳಗೆ ಸುಸ್ ಎಂದಿತು. ಜಾಲರಿಯಿಂದ ಬೆಳ್ಳಗೆ ಹೊಗೆಯಂಥದ್ದು ನುಗ್ಗಿತು. ತಂಗಿ "ಅಮ್ಮಾ" ಎಂದು ಸೀರೆಯನ್ನು ಎದೆಗೆ ಅವುಚಿಕೊಂಡಳು. ಬೆಂಕಿ ಎಂದುಕೊಂಡಿದ್ದಳಂತೆ. ಬೆಂಕಿಯಲ್ಲ, ಎಣ್ಣೆ. ಗಾಳಿ ತಣ್ಣಗೆ ಮಾಡುವ ಒಳಗಿನ ಕಾಯ್ಲು ಬಿರಿದು, ಗ್ಯಾಸಿನ ಜೊತೆ ಆ ಶೇಂಗಾ ಎಣ್ಣೆಯೂ ತುಂತುರಾಗಿ ಹೊರಗೆ ಬಂದಿತ್ತು. ಗಾಜಿನ ಮೇಲೆ, ಅವಳ ಕೆನ್ನೆಯ ಮೇಲೆ, ನನ್ನ ಕನ್ನಡಕದ ಮೇಲೆ, ಎಲ್ಲಾ ಕಡೆ ಜಿಡ್ಡು. ಅರ್ಧ ಬೆಂದು ಅರ್ಧ ಕೊಳೆತ ಎಣ್ಣೆಯ ವಾಸನೆ. ಕಾರು ನಿಂತ ತಕ್ಷಣ ಅವಳು ಇಳಿದು, ರಸ್ತೆಯ ಪಕ್ಕದ ಬೇವಿನ ಮರದ ನೆರಳಿಗೆ ಓಡಿ, ಸೀರೆ ಬಿಡಿಸಿದಳು. ಹಾಲಿನ ಕೆನೆಯ ಬಣ್ಣದ ಮೇಲೆ ಹನಿಹನಿಯಾಗಿ ಬಿದ್ದಿತ್ತು. ನಾವು ನೋಡುತ್ತಿದ್ದ ಹಾಗೇ ಪ್ರತಿ ಹನಿಯೂ ಅಗಲವಾಗುತ್ತಾ ಹೋಯಿತು. ಒಂದರ ಅಂಚು ಇನ್ನೊಂದಕ್ಕೆ ಕೂಡಿಕೊಂಡು, ಸೆರಗು ಮುಗಿದು ಒಡಲು ಶುರುವಾಗುವ ಜಾಗದಲ್ಲಿ ಮೊರದಷ್ಟು ಅಗಲದ ಕಲೆಯಾಯಿತು. ಅವಳು ಒರೆಸಲಿಲ್ಲ, ಒರೆಸಿದರೆ ಇನ್ನೂ ಹರಡುತ್ತದೆ ಎಂದು ಗೊತ್ತಿತ್ತು. ಟವೆಲ್ಲನ್ನು ಮೆತ್ತಗೆ ಒತ್ತಿ ಒತ್ತಿ ಎತ್ತುತ್ತಿದ್ದಳು.

"ಅಕ್ಕಾ, ಇದೇಮಿ?" ಎಂದು ಕೇಳಿದಳು. ಇದೇನು ಎಂದು. ಕಾರಿನ ಎಸಿಯಿಂದ ಶೇಂಗಾ ಎಣ್ಣೆ ಬಂತು ಎಂದು ಯಾವ ಬಾಯಲ್ಲಿ ಹೇಳಲಿ?

ನಾನು ಹೇಳಬೇಕಾಗಲಿಲ್ಲ. ನನ್ನ ಗಂಡ ಡ್ಯಾಶ್‌ಬೋರ್ಡಿನ ಮೇಲೆ ಬೆರಳಾಡಿಸಿ, ಮೂಸಿ, ಆಮೇಲೆ ಆ ಬೆರಳನ್ನು ನಾಲಿಗೆಗೆ ತಾಗಿಸಿದರು.

"ನಮ್ದೇ ಎಣ್ಣೆ" ಎಂದರು. "ಕೆಟ್ಟಿಲ್ಲ. ಶುದ್ಧವಾಗೇ ಐತೆ. ತೊಳದ್ರೆ ಹೋಗ್ತೈತೆ ಬಿಡು."

ಆ ಬೆರಳು, ಆ ನಾಲಿಗೆ, ಆ ಮುಖದ ಮೇಲಿನ ನೆಮ್ಮದಿ. ಕಾರಿನಲ್ಲಿ ವಾಂತಿ ಮಾಡಿಕೊಳ್ಳುವವಳು ತಂಗಿ, ಆದರೆ ಅವತ್ತು ರಸ್ತೆಯ ಪಕ್ಕ ಬಗ್ಗಿ ಕಾರಿದವಳು ನಾನು. ಅವಳೇ ಬಂದು ನನ್ನ ಹಣೆ ಹಿಡಿದುಕೊಂಡಳು. ಅವಳ ಕೈಯಿಂದಲೂ ಅದೇ ವಾಸನೆ ಬರುತ್ತಿತ್ತು.

ಚಳ್ಳಕೆರೆಗೇ ಹೋಗೋಣ, ಕಲೆ ಅಷ್ಟೇನೂ ಕಾಣುವುದಿಲ್ಲ, ಮೇಡಂಗೆ ಮಡಚಿದ ಹಾಗೇ ತೋರಿಸೋಣ ಎಂದು ನನ್ನ ಗಂಡ ಹೇಳುತ್ತಲೇ ಇದ್ದರು. "ತಿರುಗಿಸ್ರಿ ಬಾವಾ" ಎಂದಳು ತಂಗಿ. ಅದೊಂದೇ ಮಾತು. ಗಾಜುಗಳನ್ನೆಲ್ಲ ಇಳಿಸಿಕೊಂಡು, ಬಿಸಿಗಾಳಿ ಮುಖಕ್ಕೆ ರಾಚಿಸಿಕೊಂಡು ಮೊಳಕಾಲ್ಮೂರಿಗೆ ವಾಪಸು ಹೋದೆವು.

ಅವಳು ಅಕ್ಕಿಹಿಟ್ಟು ಉದುರಿಸಿ ನೋಡಿದಳು, ಪೌಡರು ಹಾಕಿ ನೋಡಿದಳು. ಯಾರೋ ಹೇಳಿದರೆಂದು ಹತ್ತಿಯಲ್ಲಿ ಪೆಟ್ರೋಲು ಅದ್ದಿ ತಾಗಿಸಿದಳು. ಎಣ್ಣೆ ಸ್ವಲ್ಪ ಬಿಟ್ಟಿತು, ಅದರ ಜೊತೆಗೆ ಅಂಚಿನ ಕೆಂಪೂ ಬಿಟ್ಟು ಕೆನೆಯ ಒಳಗೆ ಇಳಿಯಿತು. ಶಾಲೆಯಲ್ಲಿ ನಾನು ನಡೆದದ್ದು ಹೇಳಿದಾಗ ಆ ಟೀಚರು ಅಯ್ಯೋ ಎಂದರು, ಪಾಪ ಎಂದರು, ಆಮೇಲೆ ಮೆಲ್ಲಗೆ "ಮುಹೂರ್ತದ ಸೀರೆ ಅಲ್ವಾ ಮೇಡಂ" ಎಂದರು. ಅವರ ತಪ್ಪೇನೂ ಇಲ್ಲ. ದಿನ ಹತ್ತಿರವಿತ್ತು, ಅಂಗಡಿಗೆ ಹೋಗಿ ತಂದರು. ಸಾಹುಕಾರರು ಸುದ್ದಿ ತಿಳಿದು ತಂಗಿಯ ಮನೆಗೆ ಬಂದರಂತೆ. ಕಲೆಯಾದ ಜಾಗವನ್ನು ಒಂದು ಬೆರಳ ತುದಿಯಿಂದ ಎತ್ತಿ ನೋಡಿ, ಆ ಬೆರಳನ್ನು ಪಂಚೆಗೆ ಒರೆಸಿಕೊಂಡು, "ನಾಳೆಯಿಂದ ನಮ್ ಹಾಸು ಕಳಿಸ್ಲಾ?" ಎಂದರಂತೆ. ಇವಳು ಹೂಂ ಎಂದಳಂತೆ. ಆ ಬೆರಳನ್ನು ನಾನು ಕಣ್ಣಾರೆ ನೋಡಿಲ್ಲ, ಆದರೂ ನೆನೆದರೆ ಮೈ ಉರಿಯುತ್ತದೆ.

ನನ್ನ ಹಟಕ್ಕೆ ಕಾರನ್ನು ಚಿತ್ರದುರ್ಗದ ಒಂದು ದೊಡ್ಡ ಗ್ಯಾರೇಜಿಗೆ ಒಯ್ದೆವು. ಗಾಜಿನ ಬಾಗಿಲು, ಮೆತ್ತನೆ ಸೋಫಾ, ಟೈ ಕಟ್ಟಿದವರು. ಡ್ಯಾಶ್‌ಬೋರ್ಡು ಬಿಚ್ಚಿದ ಮೇಲೆ ಒಬ್ಬ ಬಂದು, "ಸಾರ್, ಬೋಂಡಾ ಗಿಂಡಾ ಕರೀತಿದ್ರಾ ಒಳಗೆ?" ಎಂದು ಕೇಳಿದ. ಕೆಲಸದವರೆಲ್ಲ ಒಬ್ಬೊಬ್ಬರಾಗಿ ಬಂದು ಮೂಸಿ, ನಕ್ಕು, ಮೊಬೈಲಿನಲ್ಲಿ ಫೋಟೋ ಹಿಡಿದುಕೊಂಡು ಹೋದರು. ನನ್ನ ಗಂಡ ನಾಚಿಕೊಂಡರೇ? ಇಲ್ಲ. ಯಾವ ಮಿಲ್ಲಿನದು, ಎಷ್ಟು ಸಲ ಸೋಸಿದ್ದು ಎಂದು ಅವರಿಗೆ ವಿವರಿಸುತ್ತಿದ್ದರು. ಕೊನೆಗೆ ಟೈ ಕಟ್ಟಿದವನು ಬಂದು ಎಲ್ಲವನ್ನೂ ಬದಲಾಯಿಸಬೇಕು ಎಂದ. ಯಾವುದು ಒಡೆದಿದೆ ತೋರಿಸಿ ಎಂದರೆ, ಅದು ತೋರಿಸೋಕೆ ಬರಲ್ಲ ಮೇಡಂ ಎಂದ. ಗುಟ್ಕಾದವನ ಹಲ್ಲು ಕೆಂಪಗಿತ್ತು, ಇವನ ಹಲ್ಲು ಬೆಳ್ಳಗಿತ್ತು, ಮಾತು ಎರಡೂ ಒಂದೇ. "ನೋಡ್ದಾ? ಇವ್ರೂ ಅವ್ರೇಯ" ಎಂದು ನನ್ನ ಗಂಡ ಬಿಚ್ಚಿದ್ದನ್ನು ಮತ್ತೆ ಹಾಕಿಸಿಕೊಂಡು, ಗೆದ್ದವರ ಹಾಗೆ ಕಾರು ತಿರುಗಿಸಿದರು. ಎಸಿ ಹಾಗೇ ಉಳಿಯಿತು, ವಾಸನೆಯೂ ಉಳಿಯಿತು.

ಆ ಮೆಕ್ಯಾನಿಕ್ ಮೋಸಗಾರನೇ ಇರಬಹುದು. ಆದರೂ ಈ ಬೇಸಿಗೆಯಲ್ಲಿ ಅವನ ಕೈಗೇ ಕಾರು ಕೊಟ್ಟಿದ್ದರೆ ಅವನು ಗ್ಯಾಸು ತುಂಬಿ, ಉಗುಳಿ, ನಕ್ಕು ಕಳಿಸುತ್ತಿದ್ದ, ಸೀರೆ ಉಳಿಯುತ್ತಿತ್ತು. ಇದನ್ನು ಗಂಡನ ಮುಖಕ್ಕೇ ಹೇಳಿದೆ. ಅವರು ಬಹಳ ಯೋಚನೆ ಮಾಡಿ, ಎಣ್ಣೆ ಸ್ವಲ್ಪ ಜಾಸ್ತಿ ಆಯಿತೇನೋ ಎಂದರು.

ಮಳೆಗಾಲ ಕಳೆದ ಮೇಲೆ ನಮ್ಮ ಸಂಬಂಧಿಕರ ಹೊಸ ಮನೆಯ ಗೃಹಪ್ರವೇಶ ಮೊಳಕಾಲ್ಮೂರಿನ ಹತ್ತಿರದ ಸಿದ್ದಾಪುರದಲ್ಲಿತ್ತು. ತಂಗಿಯನ್ನೂ ಕರೆದುಕೊಂಡು ಹೋಗೋಣವೆಂದು ಮೊಳಕಾಲ್ಮೂರಿನಲ್ಲಿ ಅವಳ ಮನೆಯ ಮುಂದೆ ಕಾರು ನಿಲ್ಲಿಸಿದೆವು. ಅವಳು ಹೊರಗೆ ಬಂದಳು. ಉಟ್ಟಿದ್ದದ್ದು ಆ ಸೀರೆ. ಹಾಲಿನ ಕೆನೆಯ ಒಡಲು, ಕುಂಕುಮದ ಅಂಚು. ಕಲೆಯಾದ ಜಾಗವನ್ನು ನೆರಿಗೆಯ ಒಳಗೋ ಹಿಂದಕ್ಕೋ ಹಾಕಿ ಮುಚ್ಚಬಹುದಿತ್ತು, ಉಡುವುದು ಗೊತ್ತಿರುವ ಯಾವ ಹೆಂಗಸೂ ಹಾಗೇ ಮಾಡುತ್ತಾಳೆ. ಇವಳು ಮುಚ್ಚಿರಲಿಲ್ಲ. ಎದೆಯ ಮೇಲೇ ಬರುವಂತೆ ಉಟ್ಟಿದ್ದಳು. ನನ್ನ ಗಂಡ ಒಂದು ಸಲ ನೋಡಿ, ಮುಖ ಆಚೆ ತಿರುಗಿಸಿದರು. ಚೆನ್ನಾಗೈತೆ ಎಂದು ಏನಾದರೂ ಹೇಳಿಬಿಡುತ್ತಾರೋ ಎಂದು ನನಗೆ ಭಯವಿತ್ತು, ಪುಣ್ಯ, ಹೇಳಲಿಲ್ಲ.

ಅವಳು ಎಂದಿನಂತೆ ಮುಂದೆ ಕೂತಳು. ಬಿಸಿಲು ಮರೆಮಾಡಲು ಇರುವ ಮೇಲಿನ ಹಲಗೆಯನ್ನು ಕೆಳಗೆ ಎಳೆದಳು. ಅದರ ಹಿಂದೆ ಒಂದು ಚಿಕ್ಕ ಕನ್ನಡಿ ಇದೆ. ಅದರಲ್ಲಿ ಭುಜ ನೋಡಿದಳು, ಆಮೇಲೆ ಸೆರಗು, ನವಿಲಿನ ಹಸಿರು ಕಣ್ಣು, ಆಮೇಲೆ ಕಲೆ. ತಾನು ನೇಯ್ದದ್ದನ್ನು ಉಟ್ಟವರನ್ನು ಕಣ್ಣಾರೆ ನೋಡಬೇಕು ಎಂದಿದ್ದವಳು ಸುಮ್ಮನೆ ಬಹಳ ಹೊತ್ತು ನೋಡಿದಳು. ಹಿಂದೆ ಕೂತಿದ್ದ ನನಗೆ ಕನ್ನಡಿಯಲ್ಲಿ ಅವಳ ಮುಖ ಕಾಣಿಸಿತು. ನಗುವೂ ಇರಲಿಲ್ಲ, ಅಳುವೂ ಇರಲಿಲ್ಲ. ಕಾರಿನ ತುಂಬ ಆ ಕಮಟು ವಾಸನೆ.

ಹಲಗೆಯನ್ನು ಮೇಲಕ್ಕೆ ಮುಚ್ಚಿ, ಕೈಗಳನ್ನು ಸೀರೆಯ ಮೇಲೇ ಇಟ್ಟುಕೊಂಡು, ಅವಳು ಹೇಳಿದಳು: "ಎಸಿ ಹಾಕ್ರಿ ಬಾವಾ. ಇನ್ನು ಕೆಡೋದೇನೈತೆ?"

ನನ್ನ ಗಂಡನ ಕೈ ಎಸಿಯ ಗುಂಡಿಯವರೆಗೂ ಹೋಯಿತು, ಅಲ್ಲೇ ನಿಂತಿತು. ಆಮೇಲೆ ಅವರು ಕಿಟಕಿಯ ಗಾಜು ಇಳಿಸಿದರು.